ಶ್ರಾವಣಕ್ಕೆ ಇಟ್ಟ ಮುಹೂರ್ತ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಬಾಡಿಗೆ ಮನೆಯಲ್ಲಿ ಇದ್ದು ನೋಡು ಅನ್ನುವುದನ್ನು ಯಾಕೆ ಬಿಟ್ಟರೋ ಕಾಣೆ. ಅಂದವರಿಗೆ ಸ್ವಂತ ಮನೆ ಇತ್ತೆಂದು ತೋರುತ್ತದೆ. ಇಂದುಧರಯ್ಯನವರು ಮಾತ್ರ ಮೂವತ್ತೊಂದು ವರ್ಷ ಬಾಡಿಗೆ ಮನೆಗಳಲ್ಲಿ ಇದ್ದು ನೋಡಿದ್ದರು. ಬೇಲೂರಿನಲ್ಲಿ ಆರು ವರ್ಷ, ಹಳೇಬೀಡಿನಲ್ಲಿ ನಾಲ್ಕು, ಆಮೇಲೆ ಅರಸೀಕೆರೆಯಲ್ಲಿ ಇಪ್ಪತ್ತೊಂದು. ಸರ್ಕಾರಿ ಕಾಲೇಜಿನ ಗುಮಾಸ್ತಿಕೆ ಎಲ್ಲಿಗೆ ವರ್ಗ ಮಾಡಿತೋ ಅಲ್ಲಿಗೆ ಪಾತ್ರೆಪಗಡಿ ಕಟ್ಟಿಕೊಂಡು ಹೊರಟರು. ಪ್ರತಿ ಸಲವೂ ಲಾರಿಯ ಮುಂದಿನ ಸೀಟಿನಲ್ಲಿ ಅವರ ಹೆಂಡತಿ ಜಾನಕಿ, ಪೇಂಟಿನ ಡಬ್ಬದಲ್ಲಿ ನೆಟ್ಟ ತುಳಸಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು.

ಒಂದೊಂದು ಮನೆಗೂ ಒಂದೊಂದು ಕಟ್ಟಳೆ. ಬೇಲೂರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು. ಹಳೇಬೀಡಿನಲ್ಲಿ ಹೊತ್ತು ಮುಳುಗಿದ ಮೇಲೆ ಬಟ್ಟೆ ಒಗೆಯಬಾರದು. ಅರಸೀಕೆರೆಯಲ್ಲಿ ಹಿತ್ತಲ ನೆಲಕ್ಕೆ ಗಿಡ ನೆಡಬಾರದು, ಬೇರು ಪಾಯಕ್ಕೆ ಹೋಗುತ್ತದೆ. ಜಾನಕಿ ಎಲ್ಲದಕ್ಕೂ ಹೂಂ ಅಂದವಳು. ಅವಳಪ್ಪ ಹಳೇಬೀಡಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟರು. ಅವಳು ಹುಟ್ಟಿದ್ದೂ ಬಾಡಿಗೆ ಮನೆಯಲ್ಲೇ. ತನ್ನದು ಅನ್ನುವ ಹೊಸಿಲಿಗೆ ಅವಳು ಜನ್ಮದಲ್ಲಿ ಒಂದು ದಿನವೂ ಅರಿಸಿನ ಹಚ್ಚಿರಲಿಲ್ಲ.

ಅರಸೀಕೆರೆಯ ಮನೆ ರುದ್ರಮ್ಮನದು. ಒಂದೇ ಹೆಂಚಿನ ಸೂರು, ನಡುವೆ ಒಂದು ಗೋಡೆ. ಮುಂದಿನ ಭಾಗದಲ್ಲಿ ರುದ್ರಮ್ಮ, ಹಿಂದಿನ ಭಾಗದಲ್ಲಿ ಇವರು. ಎಪ್ಪತ್ತು ದಾಟಿದ ವಿಧವೆ, ಬಾಯಿ ಜೋರು, ಕೈ ಧಾರಾಳ. ನಲ್ಲಿ ನೀರಿಗೆ ಬೆಳಿಗ್ಗೆ ಜಗಳ ಆಡಿದವಳು ಮಧ್ಯಾಹ್ನ ನಾಲ್ಕು ಎಳನೀರು ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದಳು.

ಇಂದುಧರಯ್ಯನವರಿಗೆ ಇನ್ನೊಂದು ಕಸುಬಿತ್ತು, ಅದಕ್ಕೆ ಸಂಬಳವಿರಲಿಲ್ಲ. ಬೀದಿಗೆಲ್ಲ ಪಂಚಾಂಗ ನೋಡಿ ಹೇಳುವುದು. ಮಗುವಿಗೆ ಕಿವಿ ಚುಚ್ಚುವುದರಿಂದ ಹಿಡಿದು ಬೋರ್‌ವೆಲ್ ಕೊರೆಸುವವರೆಗೆ ಜನ ಅವರ ಜಗಲಿಗೇ ಬರುತ್ತಿದ್ದರು. ಹಾಗೆ ಬರುವುದಕ್ಕೆ ಕಾರಣ ಅವರ ವಿದ್ಯೆಯಲ್ಲ. ಅಂಥ ವಿದ್ಯೆ ಊರಿನಲ್ಲಿ ಬೇಕಾದಷ್ಟು ಜನಕ್ಕೆ ಇತ್ತು. ಇವರು ಹೊಂದಿಸಿ ಹೇಳುವವರಲ್ಲ ಅನ್ನುವುದು ಕಾರಣ. ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಮಗಳ ಮದುವೆಗೆ ಛತ್ರ ಸಿಕ್ಕಿದ ದಿನವೇ ಮುಹೂರ್ತ ಇದೆ ಅಂದುಬಿಡಿ ಎಂದು ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಾಗ, "ಅಳತೆಗೆ ತಕ್ಕ ಹಾಗೆ ಕತ್ತರಿಸಿಕೊಡೋಕೆ ಇದೇನು ದರ್ಜಿ ಅಂಗಡೀನಾ?" ಎಂದು ಬುಟ್ಟಿಯ ಸಮೇತ ಕಳಿಸಿದ್ದರು. ಆ ಮಾತು ಬೀದಿಯಲ್ಲಿ ವರ್ಷಗಟ್ಟಲೆ ಓಡಾಡಿತು. ಇಂದುಧರಯ್ಯನವರಿಗೂ ಅದು ಕಿವಿಗೆ ಬಿದ್ದಾಗಲೆಲ್ಲ ಹಿತವಾಗುತ್ತಿತ್ತು, ಸುಳ್ಳೇಕೆ.

ನಿವೃತ್ತಿಗೆ ಇನ್ನೊಂದು ವರ್ಷ ಇದೆ ಅನ್ನುವಾಗ ಅವರು ಮನೆ ಕೊಂಡರು. ಹಾಸನ ರಸ್ತೆಯ ಕಡೆ ಹೊಸ ಬಡಾವಣೆ, ಮೂವತ್ತು ನಲವತ್ತರ ಸೈಟು, ಕಟ್ಟಿ ಮೂರು ವರ್ಷವಾಗಿದ್ದ ಮನೆ. ಪೂರ್ವದ ಬಾಗಿಲು, ಎರಡು ರೂಮು, ಒಂದು ಹಾಲು, ಇಬ್ಬರು ಜಾನಕಿಯರಾದರೂ ಓಡಾಡಬಹುದಾದ ಅಡುಗೆಮನೆ. ಮುಂದೆ ನಾಲ್ಕು ಮಾರು ಮಣ್ಣಿನ ಜಾಗ. ಜ್ಯೇಷ್ಠದ ಹುಣ್ಣಿಮೆ ಕಳೆದು ನೋಂದಣಿ ಆಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಾನಕಿ ಹೆಬ್ಬೆಟ್ಟು ಒತ್ತಿ, ಫೋಟೋಗೆ ಮುಖ ಕೊಟ್ಟು, ಹೊರಗೆ ಬಂದು ಬೆಂಚಿನ ಮೇಲೆ ಕೂತವಳು ತಕ್ಷಣ ಏಳಲಿಲ್ಲ. ಹೊಟ್ಟೆ ಹಿಡಿದುಕೊಂಡಿದ್ದಳು. ಯುಗಾದಿಯಿಂದಲೂ ನೋವಿತ್ತಂತೆ. ಮನೆಯ ಕೆಲಸ ಒಂದು ಮುಗಿಯಲಿ ಎಂದು ಹೇಳಿರಲಿಲ್ಲವಂತೆ.

ಹಾಸನದ ಆಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡರು. ಹೊಟ್ಟೆ ತೆರೆದು ನೋಡಿ ಹಾಗೇ ಹೊಲಿದರು. ಡಾಕ್ಟರು ಒಳ್ಳೆಯವರು, ಸುತ್ತಿ ಬಳಸಿ ಮಾತಾಡಲಿಲ್ಲ. "ಇನ್ನು ಇಲ್ಲಿಟ್ಟುಕೊಂಡು ಪ್ರಯೋಜನ ಇಲ್ಲ. ಎರಡು ತಿಂಗಳು, ಮೂರು ತಿಂಗಳು. ಮನೆಗೆ ಕರ್ಕೊಂಡು ಹೋಗಿ. ಕೇಳಿದ್ದು ಕೊಡಿ," ಅಂದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಹೊರಗೆ ಗಾಲಿಕುರ್ಚಿಯಲ್ಲಿ ಕೂತಿದ್ದ ಜಾನಕಿಗೆ ಎಲ್ಲ ಕೇಳಿಸಿತ್ತು. ಕಾರು ಹತ್ತುವಾಗ ಅವಳು ಗಂಡನ ತೋಳು ಹಿಡಿದು ಮೆಲ್ಲಗೆ ಕೇಳಿದಳು.

"ಯಾವ ಮನೆಗೆ ರೀ?"

ಇಂದುಧರಯ್ಯನವರು ಮನಸ್ಸಿನಲ್ಲೇ ತಿಥಿ ಎಣಿಸಿದರು. ಅವತ್ತು ಆಷಾಢ ಶುದ್ಧ ಪಂಚಮಿ. ಆಷಾಢದಲ್ಲಿ ಗೃಹಪ್ರವೇಶ ಉಂಟೇ? ಹಾಲು ಉಕ್ಕಿಸದ, ಹೋಮದ ಹೊಗೆ ಆಡದ ಮನೆಗೆ ಕಾಯಿಲೆಯ ಹೆಂಗಸನ್ನು ಕರೆದುಕೊಂಡು ಹೋಗುವುದುಂಟೇ? "ಸದ್ಯಕ್ಕೆ ರುದ್ರಮ್ಮನ ಮನೆಗೇ ಕಣೇ. ಶ್ರಾವಣ ಬರಲಿ," ಅಂದರು.

ಅವರನ್ನು ಕಲ್ಲೆದೆಯವರು ಅನ್ನುವವರು ಅನ್ನಲಿ. ಆ ಮನುಷ್ಯ ಅವತ್ತು ಸಂಜೆಯೆಲ್ಲ ಪಂಚಾಂಗ ಹರಡಿಕೊಂಡು ಕೂತಿದ್ದು ಹೆಂಡತಿಗೋಸ್ಕರವೇ. ಶ್ರಾವಣ ಶುದ್ಧ ದಶಮಿ, ಅನುರಾಧಾ ನಕ್ಷತ್ರ, ಸಿಂಹ ಲಗ್ನ. ಜಾನಕಿಯ ಜನ್ಮ ನಕ್ಷತ್ರಕ್ಕೆ ತಾರಾಬಲ ಕೂಡಿಬರುತ್ತಿತ್ತು. ಇಂಥ ಗಳಿಗೆಯಲ್ಲಿ ಒಳಗೆ ಬಂದ ಗೃಹಿಣಿಗೆ ಆಯುಸ್ಸು ಎಂದು ಅವರು ಎಷ್ಟೋ ಮನೆಗಳವರಿಗೆ ಹೇಳಿದ್ದರು, ನಂಬಿಯೇ ಹೇಳಿದ್ದರು. ಡಾಕ್ಟರು ಎರಡು ತಿಂಗಳು ಅಂದಿದ್ದಾರೆ, ಮುಹೂರ್ತಕ್ಕೆ ಮೂವತ್ತೈದು ದಿನ. ಔಷಧಿ ಕೈಬಿಟ್ಟರೇನಂತೆ, ಈ ಗಳಿಗೆ ಕೈ ಹಿಡಿಯುತ್ತದೆ ಎಂದು ಒಳಗೊಳಗೇ ಆಸೆಪಟ್ಟರು. ಮುಳುಗುವವನಿಗೆ ಹುಲ್ಲುಕಡ್ಡಿ ಅನ್ನುತ್ತಾರಲ್ಲ, ಇವರಿಗೆ ಪಂಚಾಂಗವೇ ಸಿಕ್ಕಿತು.

ಮಗಳು ಮಧುಶ್ರೀ ಬಾಣಾವರದಲ್ಲಿ ಹೈಸ್ಕೂಲು ಟೀಚರು. ರಜೆ ಹಾಕಿ ರೈಲು ಹತ್ತಿ ಬಂದಳು. ಬಂದವಳೇ ಅಪ್ಪನನ್ನು ಹಿತ್ತಲಿಗೆ ಕರೆದಳು.

"ಅಪ್ಪ, ಅಮ್ಮನ್ನ ಆ ಮನೇಗೆ ಕರ್ಕೊಂಡು ಹೋಗೋಣ. ಪೂಜೆ ಹೋಮ ಎಲ್ಲ ಶ್ರಾವಣದಲ್ಲೇ ಮಾಡ್ಕೊಳ್ಳಿ, ಯಾರು ಬೇಡ ಅಂದ್ರು?"

"ಮೊದಲನೇ ಸಲ ಹೊಸಿಲು ದಾಟೋದು ಒಂದೇ ಸಲ ಕಣಮ್ಮ. ಆಮೇಲೆ ಹೋಮ ಮಾಡಿದ್ರೆ ಅದು ಬರೀ ಹೊಗೆ."

"ಅಷ್ಟರಲ್ಲಿ ಏನಾದ್ರೂ ಆದ್ರೆ?"

"ಅಪಶಕುನ ನುಡೀಬೇಡ. ಮೂವತ್ತು ದಿನ ಯಾವ ಲೆಕ್ಕ."

ಜಾನಕಿ ಜಗಳ ಆಡಲಿಲ್ಲ. ಅವಳು ತಮಾಷೆ ಮಾಡಿ ಕೆಲಸ ಸಾಧಿಸುವವಳು. ಮಾರನೆಯ ದಿನ ಗಂಜಿ ಕುಡಿಯುತ್ತ, "ಅಲ್ಲಾರೀ, ಮಾಲೇಕಲ್ಲು ಬೆಟ್ಟದ ವೆಂಕಟರಮಣ ಆಷಾಢದಲ್ಲೇ ಉತ್ಸವ ಮಾಡಿಸ್ಕೋತಾನೆ. ಅವನಿಗಿಲ್ಲದ ಆಷಾಢ ನಮಗ್ಯಾಕೆ?" ಅಂದಳು.

"ಅವನು ದೇವರು ಕಣೇ. ಅವನಿಗೆ ಯಾವ ಮಾಸ ಆದ್ರೇನು."

"ಸರಿ ಬಿಡಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತ ನಮ್ಮಪ್ಪ ಹೇಳ್ತಿದ್ದರು. ನಾನು ಪೂಜಾರಿಯನ್ನೇ ಕಟ್ಟಿಕೊಂಡು ಬಂದೆ." ನಕ್ಕಳು. ನಗುವಾಗ ಹೊಟ್ಟೆಗೆ ಕೈ ಹೋಯಿತು. ಇಂದುಧರಯ್ಯನವರೂ ನಕ್ಕರು, ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಈ ನಡುವೆ ರುದ್ರಮ್ಮ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹಾಗೇ ವಾಪಸು ಹೋದಳು. ಮೂರನೇ ಸಲ ಇಂದುಧರಯ್ಯನವರನ್ನು ಬಾವಿಕಟ್ಟೆಯ ಹತ್ತಿರ ತಡೆದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಇಪ್ಪತ್ತೊಂದು ವರ್ಷದಲ್ಲಿ ಆಕೆ ಮಾತಿಗೆ ತಡಕಾಡಿದ್ದನ್ನು ಅವರು ನೋಡಿರಲಿಲ್ಲ.

"ತಪ್ಪು ತಿಳೀಬ್ಯಾಡಿ ಅಯ್ನೋರೆ. ಜಾನಕಮ್ಮೋರು ನಂಗೆ ತಂಗಿ ಇದ್ದಂಗೆ. ಆದ್ರೂ ಏಳ್ಬುಡ್ತೀನಿ. ನಮ್ಮತ್ತೆ ಸತ್ತಾಗ ನಕ್ಷತ್ರ ಸರಿ ಇರ್ನಿಲ್ಲ. ಆರು ತಿಂಗ್ಳು ಇಡೀ ಮನೆಗೆ ಬೀಗ ಹಾಕಿ ತೋಟದಾಗಿನ ಪಂಪ್‌ಸೆಟ್ ಮನೇಲಿ ಇದ್ವಿ. ಅವಾಗ ವಯಸ್ಸಿತ್ತು. ತೋಟಾನೂ ಇತ್ತು. ಈಗ ಈ ಮಂಡಿ ಇಟ್ಕಂಡು ನಾನೆಲ್ಲಿಗೆ ಓಗ್ಲಿ? ನಿಮ್ಮ ಮನೆ ಹೆಂಗೂ ರೆಡಿ ಐತಲ್ಲ..."

ಅಷ್ಟು ಹೇಳಿ ಆಕೆ ಅತ್ತುಬಿಟ್ಟಳು. ಇಂದುಧರಯ್ಯನವರಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಸತ್ತ ಗಳಿಗೆಯಲ್ಲಿ ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರದಲ್ಲಿ ಒಂದಿದ್ದರೆ ಮನೆ ಬಿಡಬೇಕು ಎಂದು ಅವರೇ ಎಷ್ಟೋ ಜನಕ್ಕೆ ಹೇಳಿ ಬೀಗ ಹಾಕಿಸಿದ್ದರು. "ಶ್ರಾವಣದವರೆಗೆ ಏನೂ ಆಗಲ್ಲ ರುದ್ರಮ್ಮ, ಧೈರ್ಯವಾಗಿರಿ," ಅಂದರು. ಅವರು ಹೇಳಿದ ಮೇಲೆ ಆಯಿತು ಎಂದು ಆಕೆ ಕಣ್ಣೊರೆಸಿಕೊಂಡು ಹೋದಳು.

ಬಾವಿಕಟ್ಟೆಯ ಮಾತು ಕಿಟಕಿಯಿಂದ ಒಳಗೆ ಕೇಳಿಸುತ್ತದೆ. ಇವರು ಒಳಗೆ ಬಂದಾಗ ಜಾನಕಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. "ಪಾಪ ರೀ ಆಕೆ," ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಒಂದು ಸಲ ತೋರಿಸಿಕೊಂಡು ಬನ್ನಿ. ಒಳಗೆ ಬರಲ್ಲ. ಹೊರಗಿಂದ ನೋಡ್ತೀನಿ," ಅಂದಳು.

ಹುಣ್ಣಿಮೆಗೆ ಮೂರು ದಿನ ಇರುವಾಗ ಆಟೋ ಮಾಡಿಕೊಂಡು ಹೋದರು. ಮಧುಶ್ರೀ ಅಮ್ಮನ ಬೆನ್ನಿಗೆ ದಿಂಬು ಕೊಟ್ಟು ಪಕ್ಕದಲ್ಲಿ ಕೂತಳು. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು, ಗಾಳಿ ಜೋರು. ಬಣ್ಣ ಹೊಡೆದು ವಾರವಾಗಿತ್ತು. ಜಾನಕಿ ಆರಿಸಿದ್ದ ತಿಳಿ ಹಳದಿ. ಆಟೋ ಗೇಟಿಗೆ ತಾಗಿದ ಹಾಗೆ ನಿಂತಿತು. ಇಂದುಧರಯ್ಯನವರು ಇಳಿದು, ಇದು ಹಾಲಿನ ಕಿಟಕಿ, ಅಲ್ಲಿ ಅಡುಗೆಮನೆ, ಅಲ್ಲಿ ನಲ್ಲಿ ಎಂದು ಹೊರಗಿನಿಂದಲೇ ಕೈ ತೋರಿಸಿ ಹೇಳಿದರು. ಜಾನಕಿ ಎಲ್ಲದಕ್ಕೂ ತಲೆಯಾಡಿಸಿದಳು. ಬಾಗಿಲಿಂದ ಹಿಡಿದು ತಾರಸಿಯವರೆಗೆ ನಿಧಾನವಾಗಿ ನೋಡಿದಳು, ಅಂಗಡಿಯಲ್ಲಿ ಸೀರೆಯ ಸೆರಗು ಬಿಚ್ಚಿಸಿ ನೋಡುವವರ ಹಾಗೆ.

"ಇಳಿಯಲ್ವಾ ಅಮ್ಮ?" ಎಂದು ಆಟೋದವನು ಕೇಳಿದ. "ನಿಮ್ಮದೇ ಮನೆ ಅಂದ್ರಲ್ಲ."

"ನಮ್ಮದೇ ಕಣಪ್ಪ. ಇನ್ನೂ ಬೀಗದ ಕೈ ನಕ್ಷತ್ರದ ಹತ್ತಿರ ಇದೆ ಅಂತಾರೆ ಯಜಮಾನರು," ಅಂದಳು. ಆಟೋದವನು ನಕ್ಕ, ಅರ್ಥವಾಗಲಿಲ್ಲ ಅವನಿಗೆ. ಆಮೇಲೆ ಅವಳು ಕೂತಲ್ಲಿಂದಲೇ ಕೈ ಚಾಚಿ ಗೇಟಿನ ಕಂಬಿಯನ್ನು ಹಿಡಿದಳು. ಕೈಯಲ್ಲಿ ಬರೀ ಮೂಳೆ, ಬಳೆ ಮೊಣಕೈಗೆ ಜಾರಿತು. ಗಂಡನ ಕಡೆ ತಿರುಗಿ, "ಗೇಟು ಮುಟ್ಟಕ್ಕೆ ಮುಹೂರ್ತ ಬೇಡ ತಾನೇ?" ಅಂದಳು.

ಮಧುಶ್ರೀ ಆ ಕಡೆಯಿಂದ ಇಳಿದು ರಸ್ತೆಯ ತುದಿಗೆ ಹೋಗಿ ಅತ್ತಳು. ಇಂದುಧರಯ್ಯನವರ ಜೇಬಿನಲ್ಲಿ ಬೀಗದ ಕೈ ಇತ್ತು. ಬಾಗಿಲಿಗೆ ಹನ್ನೆರಡು ಹೆಜ್ಜೆ. ಎತ್ತಿಕೊಂಡು ಹೋಗಬಹುದಾಗಿತ್ತು, ಅವಳು ಅಷ್ಟು ಹಗುರವಾಗಿದ್ದಳು. ಒಂದು ಕ್ಷಣ ಕಾಲೂ ಎತ್ತಿದರು. ಅವತ್ತಿನ ನಕ್ಷತ್ರ ನೆನಪಾಯಿತು, ಜ್ಯೇಷ್ಠಾ, ಹೊಸ ಮನೆಗೆ ಹೇಳಿದ್ದಲ್ಲ. ಇನ್ನು ಇಪ್ಪತ್ತೆಂಟು ದಿನ, ಅಷ್ಟೆ. ಇಷ್ಟು ಕಾದವಳು ಅಷ್ಟು ಕಾಯಲಾರಳೇ ಎಂದುಕೊಂಡು ಆಟೋದವನಿಗೆ ಹೊರಡಲು ಹೇಳಿದರು.

ಕಾಯಲಾರಳು. ಹುಣ್ಣಿಮೆ ಕಳೆದು ಬಿದಿಗೆಯ ದಿನ, ಬೆಳಿಗ್ಗೆ ಎಂಟೂ ಹತ್ತಕ್ಕೆ, ರುದ್ರಮ್ಮನ ಮನೆಯ ಹಿಂದಿನ ಭಾಗದಲ್ಲಿ, ಬಾವಿಕಟ್ಟೆಯ ಕಿಟಕಿಯ ಕೆಳಗೆ ಜಾನಕಿ ಹೋದಳು. ಡಾಕ್ಟರು ಹೇಳಿದ ಎರಡು ತಿಂಗಳಲ್ಲಿ ಒಂದು ತಿಂಗಳೂ ತುಂಬಿರಲಿಲ್ಲ. ಮಧುಶ್ರೀ ಚಮಚದಲ್ಲಿ ನೀರು ಬಿಡುತ್ತಿದ್ದಳು, ನೀರು ಕೆನ್ನೆಗೆ ಹರಿಯಿತು. ಮಗಳು ಅಮ್ಮಾ ಎಂದು ಕೂಗಿದ ಆ ಗಳಿಗೆಯಲ್ಲಿ ಇಂದುಧರಯ್ಯನವರ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ಹಾಳು ಅಭ್ಯಾಸ. ಶ್ರವಣ ನಕ್ಷತ್ರ ಆರೂ ಮುಕ್ಕಾಲಿಗೆ ಮುಗಿದಿದೆ, ಈಗ ಧನಿಷ್ಠೆ ಎಂದು ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು ಅವರಿಗೆ.

ರುದ್ರಮ್ಮ ಮಂಡಿ ಹಿಡಿದುಕೊಂಡು ಓಡೋಡಿ ಬಂದಳು. ಬಂದವಳು ಮೊದಲು ಯಾವುದನ್ನೂ ಕೇಳಲಿಲ್ಲ. ಜಾನಕಿಯ ತಲೆ ನೇವರಿಸಿ, ಮುಖ ಒರೆಸಿ, ಹಣೆಗೆ ಕುಂಕುಮ ಇಟ್ಟು, "ಮುತ್ತೈದೆಯಾಗಿ ಓದ್ಯಲ್ಲ ನನ್ನವ್ವ, ಒಂದಿನ ನಿನ್ನ ಮನೇಲಿ ದೀಪ ಹಚ್ನಿಲ್ವಲ್ಲ," ಎಂದು ಬೋರಾಡಿ ಅತ್ತಳು. ಅತ್ತು ಸಾಕಾದ ಮೇಲೆ ಎದ್ದು ಬಾಗಿಲ ಹತ್ತಿರ ಬಂದಳು. ಇಂದುಧರಯ್ಯನವರು ಅಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು. ಕೇಳಬಾರದ ಹೊತ್ತು ಎಂದು ಆಕೆಗೂ ಗೊತ್ತಿತ್ತು, ಕೇಳದೆ ಇರಲೂ ಆಗಲಿಲ್ಲ.

"ನಕ್ಷತ್ರ ಎಂಗೈತೆ ಅಯ್ನೋರೆ?"

ಇಂದುಧರಯ್ಯನವರು ಆಕೆಯ ಮುಖ ನೋಡಿದರು. ಊದಿದ ಮಂಡಿ ನೋಡಿದರು. "ಶ್ರವಣ. ಏನೂ ದೋಷ ಇಲ್ಲ," ಅಂದರು.

ಒಂದು ತೊದಲಿಲ್ಲ, ಒಂದು ತಡೆಯಿಲ್ಲ. ಆಕೆ ಎರಡೂ ಕೈ ಮುಗಿದಳು. "ನೀವು ಅಂದ್ಮ್ಯಾಕೆ ಆಯ್ತು ಬುಡಿ. ನಿಮ್ಮ ಬಾಯಾಗೆ ಸುಳ್ಳು ಬರಾಕಿಲ್ಲ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಂದವರಿಗೆ ಕಾಫಿ ಮಾಡಲು ತನ್ನ ಕಡೆಗೆ ಹೋದಳು.

ಕ್ರಿಯೆಗೆ ಬಂದ ಪುರೋಹಿತರಿಗೆ ಧನಿಷ್ಠೆಯ ವಿಷಯ ಗೊತ್ತಾಗದೆ ಇರುತ್ತದೆಯೇ? ಇಂದುಧರಯ್ಯನವರು ಅವರ ಕೈ ಹಿಡಿದುಕೊಂಡು, ಯಾವ ಶಾಂತಿ ಇದ್ದರೂ ತನ್ನಿಂದ ಮಾಡಿಸಿ, ಆ ಹೆಂಗಸಿಗೆ ಮಾತ್ರ ಹೇಳಬೇಡಿ ಎಂದು ಬೇಡಿಕೊಂಡರು. ಪುರೋಹಿತರು ಕಣ್ಣರಳಿಸಿ ನೋಡಿ, ಸರಿ ಎಂದು ತಲೆಯಾಡಿಸಿದರು. ಹಿಂದೆ ನಿಂತಿದ್ದ ಮಧುಶ್ರೀ ಎಲ್ಲ ಕೇಳಿಸಿಕೊಂಡಳು. ಸುಡುಗಾಡಿನಿಂದ ಬಂದು, ಸ್ನಾನ ಮಾಡಿ, ಅಪ್ಪ ಮಗಳು ಇಬ್ಬರೇ ಒದ್ದೆ ತಲೆಯಲ್ಲಿ ಕೂತಾಗ ಕೇಳಿದಳು.

"ರುದ್ರಮ್ಮನಿಗೆ ಶ್ರವಣ ಅಂದ್ರಲ್ಲ ಅಪ್ಪ."

"ಇನ್ನೇನಮ್ಮ ಮಾಡಲಿ. ಮಂಡಿ ನೋವು ಇಟ್ಟುಕೊಂಡು ಆರು ತಿಂಗಳು ಆಕೆ ಎಲ್ಲಿಗೆ ಹೋಗ್ತಾಳೆ?"

ಮಧುಶ್ರೀ ಒದ್ದೆ ಕೂದಲನ್ನು ಹಿಂಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವರಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

"ಅಮ್ಮನೂ ಒಂದು ಕಡೆ ಹೋಗಬೇಕು ಅಂದಿದ್ಲಲ್ಲ ಅಪ್ಪ."

ಆಗ ಅತ್ತರು ಇಂದುಧರಯ್ಯ. ಅಷ್ಟು ಹೊತ್ತು ಬಾರದ ಅಳು ಬಂತು. ಬಾಡಿಗೆ ಮನೆಯ ಒಡತಿಗೆ, ನೀರಿಗೆ ಜಗಳ ಆಡುತ್ತಿದ್ದವಳಿಗೆ, ಯೋಚನೆಯನ್ನೇ ಮಾಡದೆ ಒಂದು ನಕ್ಷತ್ರ ಬದಲಾಯಿಸಿ ಹೇಳಿದ್ದರು. ಬಾಯಿ ಸೀಯಲಿಲ್ಲ, ನಾಲಿಗೆ ಬೀಳಲಿಲ್ಲ. ಮೂವತ್ತೊಂದು ವರ್ಷ ಡಬ್ಬದ ತುಳಸಿ ಹೊತ್ತು ಹಿಂದೆ ಬಂದವಳಿಗೆ ಆ ಒಂದು ಸುಳ್ಳು ಹೇಳಲಿಲ್ಲ. ಅವಳಿಗೇನು ಪಂಚಾಂಗ ಬರುತ್ತಿತ್ತೇ? ಇವರು ಏನು ಹೇಳಿದರೂ ಹೂಂ ಅನ್ನುವವಳು. ಆಟೋದಿಂದ ಇಳಿಸಿ, ಬೀಗ ತೆಗೆದು, ಈ ಗಳಿಗೆ ಆಗಬಹುದು ಕಣೇ ಅಂದಿದ್ದರೆ ನಂಬುತ್ತಿದ್ದಳು, ಖುಷಿಯಾಗುತ್ತಿದ್ದಳು. ನಾಲ್ಕು ದಿನವೋ ಐದು ದಿನವೋ ತನ್ನ ಮನೆಯಲ್ಲಿ ಮಲಗಿ ಏಳುತ್ತಿದ್ದಳು. ಸುಳ್ಳು ತನಗೆ ಬರುವುದಿಲ್ಲ ಎಂದೇ ಅವರು ತಿಳಿದಿದ್ದರು. ಬರುತ್ತದೆ ಎಂದು ತಿಳಿಯುವ ಹೊತ್ತಿಗೆ ಕೇಳಿಸಿಕೊಳ್ಳಬೇಕಾದವಳು ಇರಲಿಲ್ಲ.

ಹದಿಮೂರನೇ ದಿನದ ಊಟ ಮುಗಿಯಿತು. ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಗೃಹಪ್ರವೇಶ ಮಾಡುವಂತಿಲ್ಲ. ರುದ್ರಮ್ಮ, "ವರ್ಸ ತುಂಬಾ ಗಂಟ ಇಲ್ಲೇ ಇರಿ ಅಯ್ನೋರೆ, ಬಾಡಿಗೆ ಯಾರು ಕೇಳಿದ್ರು," ಅಂದಳು. ಮಧುಶ್ರೀ ಬಾಣಾವರಕ್ಕೆ ಬನ್ನಿ ಅಂದಳು. ಇಂದುಧರಯ್ಯನವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಮಾರನೆಯ ಬೆಳಿಗ್ಗೆ ಎರಡು ಪಂಚೆ, ಒಂದು ಚೊಂಬು ಚೀಲಕ್ಕೆ ಹಾಕಿಕೊಂಡು ಹಾಸನ ರಸ್ತೆಯ ಕಡೆ ನಡೆದುಕೊಂಡೇ ಹೊರಟರು.

ಅವತ್ತು ಭೀಮನ ಅಮಾವಾಸ್ಯೆ. ಗಂಡನ ಆಯುಸ್ಸು ಹೆಚ್ಚಲಿ ಎಂದು ಹೆಂಗಸರು ಗಂಡನ ಪಾದ ಪೂಜೆ ಮಾಡಿ ಕೈಗೆ ಅರಿಸಿನದ ದಾರ ಕಟ್ಟಿಕೊಳ್ಳುವ ದಿನ. ಹೋದ ವರ್ಷದವರೆಗೆ ಜಾನಕಿಯೂ ಕಟ್ಟಿಕೊಂಡಿದ್ದಳು. ದಾರಿಯುದ್ದಕ್ಕೂ ಹೊಸ ಸೀರೆ ಉಟ್ಟ ಹೆಂಗಸರು ರಂಗೋಲಿ ಹಾಕುತ್ತಿದ್ದರು. ಇಂದುಧರಯ್ಯನವರು ತಲೆ ತಗ್ಗಿಸಿಕೊಂಡು ನಡೆದರು.

ಗೇಟು ತೆಗೆದು ಬಾಗಿಲ ಮುಂದೆ ನಿಂತಾಗ ಎದುರು ಮನೆಯ ಹೆಣ್ಣುಮಗಳು ರಂಗೋಲಿ ಬಟ್ಟಲು ಹಿಡಿದು ಎದ್ದು ನಿಂತಳು. ಕೈಯಲ್ಲಿ ಹಳದಿ ದಾರ. ಚೀಲ ನೋಡಿದಳು, ಮುಖ ನೋಡಿದಳು. "ಇರೋಕೆ ಬಂದ್ರಾ ಸರ್? ಇವತ್ತು ಅಮಾವಾಸ್ಯೆ, ಆಷಾಢ ಬೇರೆ. ಯಾರನ್ನಾದರೂ ಕೇಳಿದ್ರಾ, ದಿನ ಹೇಗಿದೆ ಅಂತ?"

ಇಂದುಧರಯ್ಯನವರು ಚೀಲ ಕೆಳಗಿಟ್ಟರು. ಬೀಗ ತೆಗೆದು ಬಾಗಿಲನ್ನು ಪೂರ್ತಿ ತಳ್ಳಿದರು. ಗೃಹಪ್ರವೇಶದಲ್ಲಿ ಕಳಶ ಹಿಡಿದ ಹೆಂಡತಿಗೆ ಜಾಗ ಬಿಡುವ ಹಾಗೆ ಒಂದು ಪಕ್ಕಕ್ಕೆ ಸರಿದು ನಿಂತರು.

"ದಿನ ತುಂಬ ಚೆನ್ನಾಗಿದೆ ಜಾನಕಿ," ಅಂದರು. "ಒಳಗೆ ಬಾ."